ಆರ್ಡಿಸ್‌ಳ ಪೆಡಲ್

ಲೈಲ್ ಡೆಂಗ್ಲರ್‌ನ ಹಳದಿ ಕಾರು ಅರವತ್ತೊಂಬತ್ತನೇ ಇಸವಿಯದು. ಎಂಜಿನ್ ಇಡೀ ಊರಿಗೆ ಕೇಳುತ್ತದೆ, ಬ್ರೇಕ್ ಯಾರ ಮಾತೂ ಕೇಳುವುದಿಲ್ಲ ಎಂದು ಓಹಾಯೋದ ಕೆಲ್ಸೊ ಕಾರ್ನರ್ಸ್‌ನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮನೆಮನೆಯ ನೀರಿನ ಮೀಟರ್ ನೋಡುವ ಕೆಲಸದಲ್ಲಿ ಆಯುಸ್ಸು ಸವೆಸಿದ ಲೈಲ್ ಯಾರ ತಂಟೆಗೂ ಹೋದವನಲ್ಲ. ಅವನ ಕಾರು ಎಲ್ಲರ ತಂಟೆಗೂ ಹೋಗುತ್ತಿತ್ತು. ಅಂಚೆ ಕಚೇರಿಯ ಮುಂದೆ ನಿಲ್ಲಬೇಕಾದರೆ ಚರ್ಚಿನ ಹತ್ತಿರವೇ ಬ್ರೇಕ್ ಒತ್ತಲು ಶುರು ಮಾಡಬೇಕು. ಆ ಸದ್ದು ಕೇಳಿದರೆ ಕ್ಷೌರದಂಗಡಿಯವನು ಗಿರಾಕಿಯ ಗಂಟಲಿನಿಂದ ಕತ್ತಿ ತೆಗೆದು ಕಾಯುತ್ತಿದ್ದ.

ಇಂಥ ಕಾರಿನಲ್ಲಿ ಹೆಂಡತಿ ಆರ್ಡಿಸ್ ವರ್ಷಗಟ್ಟಲೆ ನೆಮ್ಮದಿಯಾಗಿ ಕೂತಿದ್ದಕ್ಕೆ ಕಾರಣ ಅವಳದೇ ಒಂದು ಪೆಡಲ್. ಮದುವೆಯಾದ ಹೊಸತರಲ್ಲಿ ಅವಳು ಪಕ್ಕದ ಸೀಟಿನಲ್ಲಿ ಕೂತು ತಿರುವು ತಿರುವಿಗೂ ನೆಲ ಒತ್ತುತ್ತಿದ್ದಳು. ಒತ್ತಿ ಒತ್ತಿ ಮ್ಯಾಟು ತೂತಾಯಿತು. ಆಗ ಲೈಲ್ ಗುಜರಿಯಿಂದ ಒಂದು ಪೆಡಲ್ ತಂದು, ಕೆಳಗೆ ಸ್ಪ್ರಿಂಗ್ ಇಟ್ಟು, ಅವಳ ಕಾಲ ಬುಡದಲ್ಲಿ ವೆಲ್ಡ್ ಮಾಡಿಕೊಟ್ಟ. ಅದಕ್ಕೂ ಬ್ರೇಕಿಗೂ ಯಾವ ಸಂಬಂಧವೂ ಇರಲಿಲ್ಲ, ಅವಳಿಗೆ ಅದು ಗೊತ್ತಿರಲಿಲ್ಲ. ಅವಳು ಒತ್ತಿದಾಗಲೆಲ್ಲ ಇವನೂ ಗುಟ್ಟಾಗಿ ತನ್ನ ಬ್ರೇಕ್ ಒತ್ತುತ್ತಿದ್ದ. ಆ ಮನೆಯಲ್ಲಿ ಬ್ರೇಕ್ ಹಾಕುವುದು ತಾನೇ ಎಂದು ಆರ್ಡಿಸ್ ಗೆಳತಿಯರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಒಂದು ಬೇಸಿಗೆ, ಅಗ್ನಿಶಾಮಕ ದಳದವರು ಊರಿಗೆಲ್ಲ ಹಾಕುವ ಮೀನೂಟದ ದಿನ, ಇಳಿಜಾರಿನಲ್ಲಿ ಬ್ರೇಕ್ ಕಾದು ಕೈಕೊಟ್ಟಿತು. ಇಬ್ಬರೂ ಒತ್ತಿದರು. ಕಾರು ಊಟದ ಡೇರೆಯೊಳಗೆ ಹೊಕ್ಕು, ಬಾನೆಟ್ ತುಂಬ ಎಲೆಕೋಸಿನ ಸಲಾಡ್ ಹೊತ್ತು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆರ್ಡಿಸ್‌ಳ ಪೆಡಲ್ ಕಿತ್ತು ಬಂದಿತ್ತು. ಅವಳು ಅದನ್ನು ಎತ್ತಿ ತಿರುಗಿಸಿ ನೋಡಿದಳು. ತಂತಿಯಿಲ್ಲ, ಕೊಳವೆಯಿಲ್ಲ. ಇಷ್ಟು ವರ್ಷ ಗಂಡ ತನ್ನ ಕಿವಿಗೆ ಹೂವಿಟ್ಟಿದ್ದು ಅಲ್ಲೇ ಅರ್ಥವಾಯಿತು. ಪೆಡಲ್ ಹಿಡಿದುಕೊಂಡೇ ನಡೆದು ಮನೆಗೆ ಹೋದಳು. ಅಂದಿನಿಂದ ಅದು ಅಡುಗೆಮನೆಯ ಗೋಡೆಯಲ್ಲಿ, ಕಾಫಿ ಪಾತ್ರೆಯ ಮೇಲೆ ನೇತಾಡುತ್ತಿತ್ತು. ಇಪ್ಪತ್ತು ವರ್ಷದ ಮೇಲಾದರೂ ಅವಳು ಮತ್ತೆ ಆ ಕಾರು ಹತ್ತಲಿಲ್ಲ. ಲೈಲ್ ದಿನಾ ಬೆಳಿಗ್ಗೆ ಅದನ್ನು ನೋಡುತ್ತಲೇ ಕಾಫಿ ಕುಡಿಯಬೇಕಿತ್ತು.

ನಿವೃತ್ತಿಯ ನಂತರ ಲೈಲ್ ಆಟೋಕ್ರಾಸ್ ಹುಚ್ಚು ಹಿಡಿಸಿಕೊಂಡ. ಮುಚ್ಚಿಹೋದ ಮಾಲಿನ ಪಾರ್ಕಿಂಗ್ ಜಾಗದಲ್ಲಿ ರಬ್ಬರ್ ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಓಡಿಸುವ ಆಟ ಅದು. ತನ್ನ ಸರದಿ ಮುಗಿದವನು ಬಿಸಿಲಲ್ಲಿ ನಿಂತು ಬೇರೆಯವರು ಕೆಡವಿದ ಕೋನ್ ಎತ್ತಿಡಬೇಕು, ಅದು ಪದ್ಧತಿ. ಲೈಲ್ ಹೊರಟರೆ ಆ ಕೆಲಸಕ್ಕೆ ಊಟ ಮಾಡುತ್ತಿದ್ದವರೂ ಎದ್ದು ಬರಬೇಕಾಗುತ್ತಿತ್ತು. ಆಟ ನಡೆಸುವ ಡೆನೀಸ್, ಬ್ರೇಕ್ ಬದಲಾಯಿಸದೆ ಬರಕೂಡದೆಂದು ಮುಖಕ್ಕೆ ಹೊಡೆದಂತೆ ಹೇಳಿದಳು.

ಆ ಚಳಿಗಾಲವೆಲ್ಲ ಲೈಲ್ ಕಾರಿನ ಕೆಳಗೇ ಇದ್ದ. ನಾಲ್ಕೂ ಚಕ್ರದ ಹಳೇ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಹಾಕಿದ. ಡಿಸ್ಕನ್ನು ಅಮುಕಿ ನಿಲ್ಲಿಸುವ ಪ್ಯಾಡ್‌ಗಳಲ್ಲಿ ಅಪ್ಪಟ ರೇಸಿನದು ಬಿಸಿಯಾಗುವವರೆಗೆ ಹಿಡಿಯುವುದಿಲ್ಲ, ಹಾಲು ತರಲು ಹೊರಟವನಿಗೆ ಅದರಿಂದ ಪ್ರಯೋಜನವಿಲ್ಲ. ಬೀದಿಯ ಪ್ಯಾಡ್ ಕೋನ್‌ಗಳ ನಡುವೆ ಬೇಗ ಹೊಗೆಯಾಡುತ್ತದೆ. ಎರಡಕ್ಕೂ ಒಗ್ಗುವ ನಡುವಿನದನ್ನು ಆರಿಸಿದ. ಕೊನೆಗೆ, ಡ್ರೈವಿಂಗ್ ಶಾಲೆಯ ಗುಜರಿ ಕಾರಿನಿಂದ ಎರಡನೇ ಪೆಡಲ್ ತಂದು ಆರ್ಡಿಸ್‌ಳ ಕಡೆ ಕೂರಿಸಿ, ಈ ಸಲ ನಿಜವಾಗಿಯೂ ಬ್ರೇಕಿಗೆ ಜೋಡಿಸಿದ. ಅವಳಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುತ್ತಲೇ, "ಹೋದ ಸಲಾನೂ ನೀನು ಹೀಗೇ ಹೇಳಿದ್ದೆ" ಅಂದಳು.

ಹೊಸ ಪ್ಯಾಡ್ ಪಳಗಿಸಬೇಕಾದರೆ ಜೋರಾಗಿ ಓಡಿಸಿ, ಗಟ್ಟಿಯಾಗಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸಬೇಕು. ಲೈಲ್ ಅದನ್ನು ಕಾರು ಮುಟ್ಟದ ಆಮಿಶ್ ಪಂಥದ ರೈತ ಎಲಾಮ್ ಗಿಂಗರಿಚ್‌ನ ಹೊಲದ ಮುಂದೆ ಮಾಡಿದ. ಮಾತಾಡಲು ಬಂದನೆಂದು ಎಲಾಮ್ ಪ್ರತಿ ಸಲವೂ ಗೇಟಿನವರೆಗೆ ಬರುವುದು, ಲೈಲ್ ಭರ್ರನೆ ಹೋಗಿಬಿಡುವುದು. ಕೊನೆಗೆ ಎಲಾಮ್ ಮರುಗಿ, ಕುದುರೆಗಾಡಿ ಕಟ್ಟಿಕೊಂಡು ಆರ್ಡಿಸ್‌ಳ ಬಾಗಿಲಿಗೇ ಬಂದ.

"ನಿಮ್ಮನೆಯವ್ರಿಗೆ ಏನೋ ಹೇಳ್ಕೋಬೇಕಾಗಿದೆ ಅನ್ಸುತ್ತಮ್ಮ. ನಿಲ್ಲೋ ಹಾಗೆ ಮಾಡ್ತಾರೆ, ಧೈರ್ಯ ಸಾಲ್ದೆ ಹೊರಟುಹೋಗ್ತಾರೆ."

ಆರ್ಡಿಸ್ ಒಳಗೆ ಬಂದು ಗೋಡೆಯ ಪೆಡಲ್ ನೋಡಿದಳು. ಲೈಲ್ ಒಮ್ಮೆಯೂ ತಪ್ಪಾಯಿತು ಎಂದಿರಲಿಲ್ಲ. ಆ ಮನುಷ್ಯನಿಗೆ ಬಾಯಲ್ಲಿ ಬಾರದ್ದು ಪೆಡಲ್ಲಿನಲ್ಲೇ ಬರುತ್ತಿತ್ತೇನೋ.

ಭಾನುವಾರ ಅವಳು ಕೈಚೀಲ ಹಿಡಿದು ಮಾಲಿಗೆ ಬಂದಳು. ಹೆಲ್ಮೆಟ್ ಹಾಕಿಕೊಂಡು ಅವನ ಪಕ್ಕ ಕೂತಳು. ಬಾವುಟ ಬಿತ್ತು, ಕಾರು ಕೋನ್‌ಗಳ ನಡುವೆ ಹಾವಾಡಿದಂತೆ ಹೋಯಿತು. ಕೊನೆಯ ಕೋನ್‌ಗಳ ಸಾಲು ಎದುರಿಗೆ ಬಂದಾಗ ಆರ್ಡಿಸ್ ಬಾಯಿ ಬಿಟ್ಟಳು.

"ಕಾಲೆತ್ತು."

"ಯಾವ ಕಾಲು?"

"ಎರಡೂ."

ಲೈಲ್ ಎರಡೂ ಕಾಲು ಸೀಟಿನ ಮೇಲಿಟ್ಟು, ಮೊಣಕಾಲಿನ ನಡುವೆ ಸ್ಟಿಯರಿಂಗ್ ಹಿಡಿದು ಕುಕ್ಕರಗಾಲಲ್ಲಿ ಕೂತ. ಕಾರು ಓಡುತ್ತಲೇ ಇತ್ತು. ಆರ್ಡಿಸ್ ಅವಸರಪಡಲಿಲ್ಲ. ಎದುರಿಗೆ ನಿಂತಿದ್ದ ಡೆನೀಸ್ ಕೋನ್ ಎಸೆದು ಓಡಿದಳು. ಲೈಲ್ ಜೀವ ಕೈಯಲ್ಲಿ ಹಿಡಿದು ಬರಿಗಾಳಿಯನ್ನು, ಸೀಟನ್ನು, ಸಿಕ್ಕಿದ್ದನ್ನೆಲ್ಲ ಹಿಮ್ಮಡಿಯಿಂದ ಒತ್ತತೊಡಗಿದ. ಆಗ ಅವಳು ತನ್ನ ಪೆಡಲ್ ಒತ್ತಿದಳು. ಕಾರು ನೆಟ್ಟಗೆ ನಿಂತಿತು, ಒಂದು ಕೋನೂ ಬೀಳಲಿಲ್ಲ.

ಲೈಲ್ ಇನ್ನೂ ಒತ್ತುತ್ತಲೇ ಇದ್ದ. ಅವನನ್ನು ನೋಡಿ ಆರ್ಡಿಸ್‌ಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಕಣ್ಣೊರೆಸಿಕೊಂಡು ಕೈಚೀಲದಿಂದ ಗೋಡೆಯ ಹಳೇ ಪೆಡಲ್ ತೆಗೆದು ಅವನ ಮುಂದೆ ಹಿಡಿದಳು.

"ಇದು ಇನ್ಮೇಲೆ ನಿಂದು. ಹೆದರಿಕೆ ಆದಾಗ ಒತ್ಕೋ."

ಲೈಲ್ ಅದನ್ನು ಎಡಗಾಲ ಕೆಳಗಿಟ್ಟುಕೊಂಡು ಮನೆ ಮುಟ್ಟುವವರೆಗೂ ಒತ್ತಿದ.