ಬೆಲ್ಟ್ ಬಿಚ್ಚಿಕೊಂಡು ಹೋದ ಪೊರ್ಬುಗಳು

ಕಳೆದ ವಾರ ಮಣಿಪಾಲದಲ್ಲಿ ತಂಗಿಯ ಮಗಳ ಫ್ಲ್ಯಾಟಿಗೆ ಹೋಗಿದ್ದೆ. ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಇಬ್ಬರು ಬಡಗಿಗಳು ಹಳೆಯ ಗರಗಸದ ಮಿಷನ್ ಇಟ್ಟುಕೊಂಡು ಪ್ಲೈವುಡ್ ಸೀಳುತ್ತಿದ್ದರು. ಲಿಫ್ಟಿನ ಬಾಗಿಲು ತೆರೆಯುತ್ತಲೇ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಮೋಟರಿನ ಬೆಲ್ಟ್ ಜಾರಿ ಜಾರಿ ಕಾಯುವಾಗ ಬರುವ ವಾಸನೆ ಅದು. ಬಡಗಿಯ ಹೆಂಡತಿಯಾದ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಂಗಿಯ ಮಗಳು ಮೂಗು ಮುಚ್ಚಿಕೊಂಡಳು. ನನಗೆ ಶಿರ್ವದ ಪೊರ್ಬುಗಳು ನೆನಪಾದರು...

ನಮ್ಮ ಕಡೆ ಕ್ರಿಶ್ಚನ್ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಪೊರ್ಬುಗಳು ಎನ್ನುತ್ತೇವೆ. ಈ ಪೊರ್ಬುಗಳು ಗಲ್ಫಿನಲ್ಲಿ ವೆಲ್ಡಿಂಗ್ ಮಾಡಿ ಬಂದವರು. ಮುಚ್ಚಿಹೋದ ಮರದ ಮಿಲ್ಲುಗಳ ಹಳೆಯ ಮಿಷನ್‌ಗಳನ್ನು ಕೊಂಡು, ತಿಕ್ಕಿ, ಪೇಂಟ್ ಬಳಿದು, ಮನೆಯ ಪಕ್ಕದ ಶೆಡ್ಡಿನಲ್ಲಿಟ್ಟು ಮಾರುತ್ತಿದ್ದರು. ಹೊಸ ಮಿಷನ್ ಕೊಳ್ಳಲು ಕೈಲಾಗದ ಕಾಪು, ಕಾರ್ಕಳ ಕಡೆಯ ಬಡಗಿಗಳೆಲ್ಲ ಹೋಗಿ ನಿಲ್ಲುವುದು ಅಲ್ಲಿಯೇ. ನನ್ನ ಯಜಮಾನರಿಗೂ ಬೇರೆಯವರ ಕೈಕೆಳಗೆ ದುಡಿದು ಸಾಕಾಗಿತ್ತು. ಸ್ವಂತ ಮಿಷನ್ ಬೇಕು, ಅಗ್ಗಕ್ಕೆ ಬೇಕು ಎಂದು ಹೊರಟರು. ಒಬ್ಬರನ್ನೇ ಬಿಟ್ಟರೆ ಯಾರಾದರೂ ಟೋಪಿ ಹಾಕುತ್ತಾರೆ ಎಂದು ನಾನೂ ಜೊತೆಗೆ ಹೊರಟೆ.

ನಾನು ಸಂಶಯದ ಪ್ರಾಣಿ. ಕಿವಿರು ಎತ್ತಿ ನೋಡದೆ ಬಂಗುಡೆ ಮೀನು ಕೊಂಡವಳಲ್ಲ. ಗರಗಸದ ವಿಷಯದಲ್ಲಂತೂ ಹೆದರಿಕೆಯೂ ಇತ್ತು. ಒಂದು ಕೈ ತಿಂದ ಮಿಷನ್ ಮತ್ತೊಂದು ಕೈ ಬೇಡುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅಂಥದ್ದನ್ನು ಗೊತ್ತಿದ್ದು ಯಾರೂ ತರುವುದಿಲ್ಲ, ಮಾರುವವನು ಬಾಯಿ ಬಿಡುವುದೂ ಇಲ್ಲ. ಕಂಡುಹಿಡಿಯಲು ನನ್ನದೊಂದು ಉಪಾಯವಿತ್ತು. ಆಯುಧಪೂಜೆಗೆ ಹಚ್ಚಿದ ಕುಂಕುಮ ಎಷ್ಟು ಒರೆಸಿದರೂ ಬೋಲ್ಟಿನ ಸಂದಿಯಲ್ಲಿ ಉಳಿದಿರುತ್ತದೆ. ಕೈ ತಿಂದ ಮಿಷನ್ನಿಗೆ ಆಮೇಲೆ ಯಾರು ಪೂಜೆ ಮಾಡುತ್ತಾರೆ? ರಕ್ತದ ಜೊತೆ ಕುಂಕುಮವನ್ನೂ ಉಜ್ಜಿ ತೊಳೆದು ಮೂಲೆಗೆ ತಳ್ಳುತ್ತಾರೆ. ಕುಂಕುಮ ಇಲ್ಲವೆಂದರೆ ಏನೋ ನಡೆದಿದೆ ಎಂದೇ ನನ್ನ ಲೆಕ್ಕ.

ಯಜಮಾನರು ಮೆಚ್ಚಿದ ಹಸಿರು ಮಿಷನ್ನಿನ ಅಡಿಗೆ ಬಗ್ಗಿ, ಹೇರ್‌ಪಿನ್ನಿನಿಂದ ಸಂದಿ ಸಂದಿ ಕೆದಕಿದೆ. ಒಂದು ಚುಕ್ಕೆ ಕೆಂಪು ಇರಲಿಲ್ಲ.

“ಇದು ಯಾರ ಕೈ ತಿಂದದ್ದು ಪೊರ್ಬುಗಳೇ?” ಎಂದು ಕೇಳಿಯೇಬಿಟ್ಟೆ.

ಅವರ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ... “ಎಂತ ಅಕ್ಕ ನೀವು ಹುಡುಕುವುದು?” ಎಂದರು. ಕುಂಕುಮದ ವಿಷಯ ಹೇಳಿದೆ. ಆಗ ನಕ್ಕರು.

“ಇದು ನಮ್ಮ ಇಗರ್ಜಿಯವರದ್ದೇ ಮಿಷನ್ ಮಾರಾಯ್ರೆ. ನಮ್ಮಲ್ಲಿ ಕುಂಕುಮ ಹಾಕುವ ಕ್ರಮ ಎಲ್ಲಿ ಉಂಟು? ಫಾದರ್ ಬಂದು ನೀರು ಚಿಮುಕಿಸಿ ಹೋಗ್ತಾರೆ. ನೀರಿನ ಗುರುತು ಉಳಿಯುತ್ತದಾ?”

ಯಜಮಾನರೂ ನಕ್ಕರು. ನಾನು ನಗಲಿಲ್ಲ. ನಗುವ ಮೊದಲು ಪೊರ್ಬುಗಳ ಮುಖ ಕಪ್ಪಿಟ್ಟದ್ದು ಯಾಕೆಂದು ನನಗೆ ತಿಳಿಯಬೇಕಿತ್ತು.

ಅಂಥ ಹಳೆಯ ಮಿಷನ್‌ಗಳಲ್ಲಿ ಕೈ ತಾಗದಂತೆ ಬ್ಲೇಡಿಗೆ ಮರೆ ಎಂಬುದೇ ಇರುವುದಿಲ್ಲ. ಪೊರ್ಬುಗಳು ಹಳೆಯ ಡ್ರಮ್ಮಿನ ತಗಡು ಕತ್ತರಿಸಿ ತಾವೇ ಒಂದು ಮುಚ್ಚಳ ಮಾಡಿ ಕೂರಿಸಿದ್ದರು. “ಮುಚ್ಚಳ ತೆಗೆಯುವುದಿಲ್ಲ ಅಂತ ಹೇಳಿ, ಆಮೇಲೆ ಗಾಡಿಗೆ ಹಾಕುವ” ಎಂದರು. ಯಜಮಾನರು ಹೂಂ ಎಂದರು. ಆ ಹೊತ್ತಿಗೆ ಹೂಂ ಎನ್ನದ ಬಡಗಿ ಯಾರು? ಮನೆಗೆ ಬಂದ ಮೇಲೆ, ಮುಚ್ಚಳ ಇದ್ದರೆ ಪೆನ್ಸಿಲಿನ ಗೆರೆ ಕಾಣುವುದಿಲ್ಲ ಎಂದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟರು.

ಆಮೇಲೆ ಪೊರ್ಬುಗಳು ಹೇಳದೆ ಕೇಳದೆ ಸ್ಕೂಟರಿನಲ್ಲಿ ಬರತೊಡಗಿದರು. “ಈ ದಾರಿಯಲ್ಲಿ ಹೋಗ್ತಾ ಇದ್ದೆ, ಹಾಗೆ ಬಂದೆ” ಎನ್ನುವರು. ನಮ್ಮ ದಾರಿ ಗದ್ದೆಯಲ್ಲಿ ಮುಗಿಯುತ್ತದೆ, ಅದರಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಚಾ ಕುಡಿಯುವಾಗ ಅವರ ಕಣ್ಣು ಯಜಮಾನರ ಕೈಯ ಮೇಲೆಯೇ. ಮಾರಿದ ಮೇಲೆ ಈ ಮನುಷ್ಯನಿಗೆ ಇಲ್ಲೇನು ಕೆಲಸ? ನಮ್ಮ ವ್ಯಾಪಾರ ಕಂಡು ಹೊಟ್ಟೆಕಿಚ್ಚೇ? ಮಿಷನ್ ವಾಪಸು ಎಳೆಯುವ ಹುನ್ನಾರವೇ? ಯಜಮಾನರೋ, ಸ್ಕೂಟರಿನ ಸದ್ದು ಕೇಳಿದರೆ ಸಾಕು, ಮಾಸ್ತರರನ್ನು ಕಂಡ ಶಾಲೆಯ ಮಕ್ಕಳ ಹಾಗೆ ಓಡಿಹೋಗಿ ಮುಚ್ಚಳ ಹಾಕುತ್ತಿದ್ದರು.

ಒಂದು ದಿನ ಮರ ಸೀಳುವ ಗದ್ದಲದಲ್ಲಿ ಸ್ಕೂಟರ್ ಕೇಳಿಸಲಿಲ್ಲ. ಪೊರ್ಬುಗಳು ಬಾಗಿಲಲ್ಲಿ ನಿಂತು ನೋಡಿದರು. ಬ್ಲೇಡ್ ಮರೆಯಿಲ್ಲದೆ ತಿರುಗುತ್ತಿತ್ತು, ಯಜಮಾನರು ಅದರ ಪಕ್ಕದಲ್ಲೇ ಹೆಬ್ಬೆರಳಿಟ್ಟು ಹಲಗೆ ದೂಡುತ್ತಿದ್ದರು. ಪೊರ್ಬುಗಳು ನೇರ ಹೋಗಿ ಮೈನ್ ಸ್ವಿಚ್ ಆರಿಸಿದರು. ಬ್ಲೇಡ್ ನಿಲ್ಲುವವರೆಗೆ ಕಾದು, ಬೆಲ್ಟ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು. ನಾನು ಕೂಗಾಡುತ್ತ ಅಂಗಳ ದಾಟಿ ಹೋದೆ, ಅವರು ತಿರುಗಿಯೂ ನೋಡಲಿಲ್ಲ. ಬೆಲ್ಟ್ ಇಲ್ಲದೆ ಬ್ಲೇಡ್ ತಿರುಗುವುದಿಲ್ಲ, ಆ ಅಳತೆಯದ್ದು ಉಡುಪಿಯಲ್ಲೂ ಸಿಗುವುದಿಲ್ಲ. ಒಪ್ಪಿಕೊಂಡಿದ್ದ ಹೊಸ ಮನೆಯ ಬಾಗಿಲುಗಳು ಅರ್ಧಕ್ಕೇ ನಿಂತವು.

ಮರುದಿನ ಜಗಳಕ್ಕೆಂದೇ ಸೆರಗು ಬಿಗಿದು ಶಿರ್ವದ ಬಸ್ಸು ಹತ್ತಿದೆ. ಶೆಡ್ಡಿನ ಗೋಡೆಯ ಮೊಳೆಗಳಲ್ಲಿ ಬೆಲ್ಟುಗಳ ಸಾಲೇ ನೇತಾಡುತ್ತಿತ್ತು. ಓಹೋ, ಇದೇ ದಂಧೆ! ಮಿಷನ್ ಮಾರುವುದು, ಬೆಲ್ಟ್ ಕದಿಯುವುದು, ಅದನ್ನೇ ಮತ್ತೆ ಮಾರುವುದು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಟ್ಟುವಿನ ಬಡಗಿಯೊಬ್ಬ ಬಂದು ಪೊರ್ಬುಗಳ ಮುಂದೆ ಫೋನ್ ಹಿಡಿದ.

“ಮುಚ್ಚಳ ಹಾಕಿದ್ದೇನೆ ಪೊರ್ಬುಗಳೇ, ನೋಡಿ. ಬೆಲ್ಟ್ ಕೊಡಿ.”

“ಇದು ಹಳೇ ಫೋಟೋ ಅಲ್ವಾ? ಇವತ್ತಿನ ಪೇಪರ್ ಪಕ್ಕದಲ್ಲಿ ಇಟ್ಟು ತೆಗೆದುಕೊಂಡು ಬಾ ಮಾರಾಯ.”

ಅವನು ಗೊಣಗುತ್ತ ಹೋದ. ನನಗಿಂತ ದೊಡ್ಡ ಸಂಶಯದ ಪ್ರಾಣಿಯೊಂದು ಊರಿನಲ್ಲಿದೆ ಎಂದು ಗೊತ್ತಾದದ್ದು ಅಂದೇ. ಬಿಗಿದ ಸೆರಗನ್ನು ಸಡಿಲಿಸಿದೆ. “ಯಾಕೆ ಹೀಗೆಲ್ಲ?” ಎಂದಷ್ಟೇ ಕೇಳಿದೆ.

“ಯಾರ ಕೈ ತಿಂದದ್ದು ಅಂತ ನೀವು ಅವತ್ತು ಕೇಳಿದಿರಲ್ಲ ಅಕ್ಕ... ನಿಮ್ಮ ಮಿಷನ್ ಅಲ್ಲ, ಬೇರೆಯದ್ದು. ನಾನೇ ಮಾರಿದ್ದು, ಮುಚ್ಚಳ ಇಲ್ಲದೆ. ಬೆರಳು ಕಳೆದುಕೊಂಡವನು ನಮ್ಮದೇ ಇಗರ್ಜಿಗೆ ಬರ್ತಾನೆ. ಅವನು ಕೈ ಜೋಡಿಸುವುದು ನನಗೆ ನೋಡಲಿಕ್ಕೆ ಆಗುವುದಿಲ್ಲ. ಅದಕ್ಕೇ ನಾನು ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂರುವುದು. ನನಗೆ ಭಕ್ತಿ ಜಾಸ್ತಿ ಅಂತ ಜನ ಹೇಳ್ತಾರೆ.”

“ಹಾಗಾದರೆ ಈ ವ್ಯಾಪಾರವನ್ನೇ ಬಿಡಬಹುದಲ್ಲ?”

“ನಾನು ಬಿಟ್ಟರೆ ಬೇರೆಯವರು ಮಾರ್ತಾರೆ. ಅವರು ಮುಚ್ಚಳ ಹಾಕಿ ಕೊಡ್ತಾರಾ?”

ಆ ಉತ್ತರವನ್ನು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಅವರಿಗೂ ಹೊಟ್ಟೆಪಾಡು ಇತ್ತು. ಆದರೆ ಮಾರಿದ ಮೇಲೆ ಕೊಂಡವನ ಬೆರಳು ನೋಡಲು ಬರುವ ಇನ್ನೊಬ್ಬ ವ್ಯಾಪಾರಿಯನ್ನು ನಾನು ಕಂಡಿಲ್ಲ. ಮನೆಗೆ ಬಂದು ಯಜಮಾನರ ಕೈಯಲ್ಲಿ ಮುಚ್ಚಳ ಹಾಕಿಸಿದೆ, ಪೇಪರ್ ಇಟ್ಟು ಫೋಟೋ ತೆಗೆದು ಬೆಲ್ಟ್ ಬಿಡಿಸಿಕೊಂಡು ಬಂದೆ. ಅಲ್ಲಿಂದ ಮುಂದೆ ಸ್ಕೂಟರ್ ಬಾರದ ವಾರ ನಾನೇ ದಾರಿ ನೋಡುತ್ತಿದ್ದೆ.

ಹೋದ ವರ್ಷ ಪೊರ್ಬುಗಳು ತೀರಿಕೊಂಡರು. ಎದೆನೋವು ಎಂದರಂತೆ, ಆಸ್ಪತ್ರೆಗೆ ಹೊರಡುವಷ್ಟರಲ್ಲಿ... ಗುಂಡಿಗೆ ಮಣ್ಣು ಹಾಕುವಾಗ ಬಡಗಿಗಳದ್ದೇ ಒಂದು ಸಾಲಿತ್ತು. ನಾನು ಯಾರ ಮುಖವನ್ನೂ ನೋಡಲಿಲ್ಲ, ಮಣ್ಣು ಹಿಡಿದ ಕೈಗಳನ್ನು ನೋಡಿದೆ. ನೆಂಟರಲ್ಲ, ಜಾತಿಯವರಲ್ಲ, ಆದರೂ ಎಲ್ಲರೆದುರು ಅತ್ತುಬಿಟ್ಟೆ.

ಈಗ ಆ ಮುಚ್ಚಳ ಮತ್ತೆ ಗೋಡೆ ಸೇರಿದೆ. ನಾನು ಹೇಳಿದರೆ ಯಜಮಾನರು “ಆಯಿತು, ಆಯಿತು” ಎನ್ನುತ್ತಾರೆ. ಬೆಲ್ಟ್ ಬಿಚ್ಚಿ ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿ ನೋಡಿದೆ, ಒಂದು ಗಳಿಗೆಯಲ್ಲಿ ಹುಡುಕಿ ತೆಗೆದರು. ಹೆಂಡತಿಯ ಬಾಯಿಗೆ ಹೆದರುವ ವಯಸ್ಸು ಅವರಿಗೆ ದಾಟಿದೆ. ನಿನ್ನೆ ಮಧ್ಯಾಹ್ನ ಮೀನಿನವನ ಸ್ಕೂಟರ್ ನಮ್ಮ ದಾರಿಯಲ್ಲಿ ಬಂತು. ಮೊದಲಾದರೆ ಯಜಮಾನರು ಮುಚ್ಚಳ ಹಾಕಲು ಓಡುತ್ತಿದ್ದರು. ನಿನ್ನೆ ತಲೆಯನ್ನೂ ಎತ್ತದೆ ಹಲಗೆ ದೂಡುತ್ತಲೇ ಇದ್ದರು. ಊಟಕ್ಕೆ ಬಂದು ಕೂತಾಗ, ಅನ್ನ ಬಡಿಸುವ ಮೊದಲು ನಾನು ಅವರ ಎರಡೂ ಕೈಗಳನ್ನು ನೋಡಿದೆ.