ಸುಲೇಪೇಟದ ಬಯಲಿನಲ್ಲಿ ಹಿಮ್ಮಡಿ ಒತ್ತುವ ಚಂದ್ರಾಮಪ್ಪ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಲೇಪೇಟದ ಹೊರಗಿನ ಬೋಳು ಬಯಲಿನಲ್ಲಿ ಚಂದ್ರಾಮಪ್ಪ ಧೋತರ ಮೇಲೆ ಕಟ್ಟಿ, ಹತ್ತು ಹೆಜ್ಜೆಗೊಮ್ಮೆ ನಿಂತು, ಬರಿಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಾರೆ. ಎರೆಮಣ್ಣು ಎರಡು ಬೆರಳು ಕುಸಿದರೆ ನಡುಬಯಲಲ್ಲಿ ಕೆಂಪು ಅರಿವೆ ಹಾಸಬೇಕು. ಮೇಲಿಂದ ನೋಡಿದವರಿಗೆ ಅದರ ಅರ್ಥ ಒಂದೇ: ಇಲ್ಲಿ ಇಳಿಯಬೇಡಿ.

ಮುಂಬಯಿಯಿಂದ ಹೈದರಾಬಾದಿಗೆ ಆಕಾಶದ ದಾರಿ ಹತ್ತಿರ ಹತ್ತಿರ ನಾನೂರು ಮೈಲು. ವಾಡಿಯ ಮೇಲೆ ಬರುವ ರೈಲಿಗೆ ಸುಮಾರು ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ವಿಮಾನಕ್ಕೆ ಎರಡೂಮುಕ್ಕಾಲು ತಾಸು. ಸುಲೇಪೇಟದ ನೆತ್ತಿಗೆ ಬಂದಾಗ ಅದಕ್ಕೆ ಉಳಿಯುವುದು ಅರ್ಧ ತಾಸು. ನಡುವೆ ಕೆಟ್ಟರೆ ಇಳಿಯಲೆಂದು ಬಿಟ್ಟ ಈ ಬಯಲಿಗೆ ಚಂದ್ರಾಮಪ್ಪ ಮೂರು ವರ್ಷದಿಂದ ಕಾವಲುಗಾರ. ಇದುವರೆಗೆ ಒಂದೂ ಇಳಿದಿಲ್ಲ.

"ಬಿತ್ತೂದಿಲ್ಲ, ಬೆಳಿಯೂದಿಲ್ಲ. ದಿನಾ ಎದ್ದು ಬರೇ ತುಳಿಯೂದು," ಎಂದು ಹೆಂಡತಿ ಭಾಗಮ್ಮ ರೊಟ್ಟಿ ಗಂಟು ಇಟ್ಟು ಮುಖ ತಿರುವುತ್ತಾರೆ. "ಎತ್ತಿಗಾದ್ರೂ ಅಮಾಸಿಗೊಮ್ಮೆ ಸೂಟಿ ಅದ."

"ಎತ್ತಿಗಿ ಇಂಥಾ ಹೇಣ್ತಿ ಇಲ್ಲಲ್ಲ," ಎನ್ನುತ್ತಾರೆ ಚಂದ್ರಾಮಪ್ಪ, ತಲೆ ಎತ್ತದೆ.

ಹೋದ ಶ್ರಾವಣದಲ್ಲಿ ಒಂದು ವಿಮಾನ ರೆಕ್ಕೆಯ ಬದಿ ಹೊಗೆ ಬಿಡುತ್ತ ಬಯಲನ್ನು ಸುತ್ತತೊಡಗಿತು. ಎರಡು ದಿನ ಬಿಸಿಲು ಬಿದ್ದು ಮೇಲುಮಣ್ಣು ಹೆಪ್ಪುಗಟ್ಟಿತ್ತು, ಆದರೂ ನಡುಬಯಲಲ್ಲಿ ಕೆಂಪು ಅರಿವೆ ಹಾಸಿಯೇ ಇತ್ತು. ತಪಾಸಣೆಗೆ ಬಂದಿದ್ದ ಮೇಲಧಿಕಾರಿ ಅಬ್ದುಲ್ ಗನಿ ಬೂಟುಗಾಲಲ್ಲಿ ಗುದ್ದಿ ನೋಡಿ ಕೂಗಿದರು: "ಅರೇ, ಗಚ್ಚಿನಂಗ ಅದ! ಅರಿವಿ ತಗಿಯೋ, ಮಂದಿ ಸಾಯ್ತಾರ!"

ಚಂದ್ರಾಮಪ್ಪ ತೆಗೆಯಲಿಲ್ಲ. ಯಾಕೆಂದು ಈಗ ಹೇಳುತ್ತಾರೆ: "ಎರಿ ಮ್ಯಾಲ ಒಣಗ್ತದ, ಒಳಗ ಹಿಟ್ಟು ನಾದಿದಂಗ ಇರ್ತದ್ರಿ. ಬೂಟಿಗಿ ಅದು ತಿಳಿಯಂಗಿಲ್ಲ. ಇಳದಿದ್ರ ಗಾಲಿ ಹೂತು ಬೋರಲ ಬೀಳ್ತಿತ್ತು. ಹೋಗಂದ್ರ ಹಾದ್ಯಾಗ ಏನಾಗ್ತದೋ. ಎರಡೂ ನನ್ನ ತಲಿಮ್ಯಾಗೇ."

ಮೂರು ಸುತ್ತು ಹಾಕಿ ವಿಮಾನ ಮೂಡಣಕ್ಕೆ ಹೋಯಿತು. ಅದು ಮುಟ್ಟಿತೋ ಇಲ್ಲವೋ, ಊರಲ್ಲಿ ಹೇಳುವವರಿಲ್ಲ. ಹಳ್ಳ ಬಂದು ಬಸ್ಸು ನಿಂತಿತ್ತು. ಚಂದ್ರಾಮಪ್ಪ ಸೇಡಂ ಸ್ಟೇಷನ್ನಿಗೆ ನಡೆದೇ ಹೊರಟರು. ಸಂಜೆ ಮುಟ್ಟಿ ಕೇಳಿದಾಗ ಸ್ಟೇಷನ್ ಮಾಸ್ತರರು ಹೈದರಾಬಾದಿಗೆ ತಂತಿಯಲ್ಲಿ ವಿಚಾರಿಸಿದರು. ಹತ್ತೊಂಬತ್ತು ಮಂದಿ, ಒಂದು ಕೂಸು, ಎಲ್ಲರೂ ಸುಖವಾಗಿ ಇಳಿದಿದ್ದರು. ಕೇಳಿಸಿಕೊಂಡ ಚಂದ್ರಾಮಪ್ಪ ಪ್ಲಾಟ್‌ಫಾರ್ಮಿನ ಹಾಸುಗಲ್ಲಿನ ಮೇಲೆ ಅಲ್ಲೇ ಮಲಗಿಬಿಟ್ಟರು.

ಈಗ ಅಬ್ದುಲ್ ಗನಿ ಬಂದಾಗಲೆಲ್ಲ ಮೊದಲು ಕೇಳುವುದು, "ಏನಂತದ ನಿನ್ನ ಕಾಲು?" ಎಂದೇ. ಆ ಕಾಲಿನ ಹಿಮ್ಮಡಿ ಒಡೆದು ಬಿರುಕುಬಿಟ್ಟಿದೆ. ಚಳಿಗೆ ರಕ್ತ ಜಿನುಗುತ್ತದೆ.

ಒಮ್ಮೆಯಾದರೂ ವಿಮಾನದಲ್ಲಿ ಕೂರುವ ಆಸೆ ಇದೆಯೇ ಎಂದು ಕೇಳಿದರೆ ಚಂದ್ರಾಮಪ್ಪ ಬೇಡವೆಂದು ಕೈ ಆಡಿಸುತ್ತಾರೆ.

"ಇಳೀಬ್ಯಾಡ ಅಂತ ಕಳಿಸಿದ ದಿನ ಅಷ್ಟೇರಿ, ಮುಟ್ಟೀವಂತ ಯಾರರೇ ಒಂದು ಮಾತು ಹೇಳಿ ಕಳಿಸ್ಲಿ. ಸೇಡಂ ತನಾ ನಡಿಯೂದು ಇನ್ನ ನನ್ನಿಂದ ಆಗಂಗಿಲ್ಲ."