ಕಲೆ ಏಳದ ಗಾಜು

ಮಟಮಟ ಮಧ್ಯಾಹ್ನ ಎಂದರೆ ನನಗೆ ಇಂದಿಗೂ ಆಗುವುದಿಲ್ಲ. ಹನ್ನೆರಡು ಹೊಡೆಯಿತೆಂದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರುತ್ತೇನೆ. ಆಯುಷ್ಯವೆಲ್ಲ ಕೆಮಿಸ್ಟ್ರಿ ಕಲಿಸಿದ ಹೆಂಗಸು ಹೀಗೆ ಮಾಡುತ್ತಾಳಲ್ಲ ಎಂದು ನಗುವವರು ನಗಲಿ. ನಗುವವರ ಬಾಯಿಗೆ ಉತ್ತರ ಕೊಡುವ ವಯಸ್ಸು ನನ್ನದಲ್ಲ ಈಗ.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ನಾನು ಗದಗಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ತವರು ಲಕ್ಷ್ಮೇಶ್ವರ. ಇರುವುದಕ್ಕೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಕೋಣೆ. ಬಾಯಿ ಜೋರಿನವಳು ಎಂದು ಹೆಸರಾಗಿದ್ದೆ. ಹುಡುಗರು ಪಿಪೆಟ್ ಒಡೆದರೆ ನನ್ನ ದನಿ ಆಫೀಸಿನವರೆಗೆ ಕೇಳುತ್ತಿತ್ತಂತೆ. ನಮ್ಮ ಲ್ಯಾಬಿಗೆ ಹೊರಗಿನವರೂ ಸ್ಯಾಂಪಲ್ ತರುತ್ತಿದ್ದರು. ಗಿರಣಿಯವರು ಶೇಂಗಾ ಎಣ್ಣೆ ತರುತ್ತಿದ್ದರು, ಹಳ್ಳಿಯವರು ಬಾವಿಯ ನೀರು ತರುತ್ತಿದ್ದರು. ನೀರು ಸವಳೋ ಸಿಹಿಯೋ, ಸುಣ್ಣ ಎಷ್ಟಿದೆ, ಅಷ್ಟು ನೋಡಿ ಒಂದು ಕಾಗದದ ಮೇಲೆ ಬರೆದು ಕಾಲೇಜಿನ ಮೊಹರಿನ ಸಿಕ್ಕಾ ಹೊಡೆದು ಕೊಡುವುದು ನನ್ನ ಪಾಲಿನ ಕೆಲಸ. ಆ ಸಿಕ್ಕಾದ ಮೇಲೆ ನನಗೆ ವಿಪರೀತ ಅಭಿಮಾನವಿತ್ತು.

ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಒಬ್ಬ ರೈತ ನಿಂತಿದ್ದ. ಮೂವತ್ತರ ಆಸುಪಾಸು, ಬಿಳಿ ಟೊಪ್ಪಿಗೆ, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ದಪ್ಪ ಗಾಜಿನ ಬಾಟಲಿ. ಊರು ಡೋಣಿಯ ಆಚೆ, ಕಪ್ಪತಗುಡ್ಡದ ಸೆರಗಿನಲ್ಲಿ.

“ಬಾಯಾರ, ಈ ನೀರಾಗ ಏನರ ಐತೇನು ನೋಡ್ರಿ.”

“ಏನರ ಅಂದ್ರ ಏನು? ಉಪ್ಪೋ, ಸುಣ್ಣೋ? ಬಾಯಿ ಬಿಟ್ಟು ಹೇಳು.”

“ವಿಷಾ ರಿ.”

ಕೂರಿಸಿ ಕೇಳಿದೆ. ಅವನಿಗೆ ನಾಲ್ಕು ವರ್ಷದ ಮಗಳು. ಹೆಂಡತಿ ಹೊಲಕ್ಕೆ ಹೋಗುವವಳು, ಆದ್ದರಿಂದ ಕೂಸನ್ನು ಬೆಳೆಸಿದವಳು ಅವನ ತೀರಿಹೋದ ಅಣ್ಣನ ಹೆಂಡತಿ. ಮಕ್ಕಳಿಲ್ಲದ ಹೆಣ್ಣುಮಗಳು. ಉಣಿಸುವುದು, ಎರೆಯುವುದು, ಮಲಗಿಸುವುದು ಎಲ್ಲ ಅವಳದೇ. ಆರು ತಿಂಗಳಿಂದ ಕೂಸಿಗೆ ಏನೋ ಬಡಿದಿತ್ತು.

“ಆಡಕೋಂತ ಇರ್ತೈತ್ರಿ. ಮಧ್ಯಾಹ್ನ ಆತಂದ್ರ ಒಮ್ಮೆಲೇ ನಗತೈತಿ, ಕಣ್ಣು ಮ್ಯಾಲ ಹೋಗ್ತಾವು, ಹಲ್ಲು ಕಚ್ಚಿ ಸೆಟೀತೈತಿ. ದಿನಾ ಅಲ್ಲ. ಆದ್ರ ಬಂದ್ರ ಮಧ್ಯಾಹ್ನಾನ. ಮನ್ಯಾಗ ಬೆಕ್ಕೂ ನಿಲ್ಲವಲ್ವು ರಿ. ಎರಡು ಬೆಕ್ಕು ಇದ್ದ ಜಾಗಾದಾಗ ಕುಣದು ಕುಣದು ಸತ್ತುವು.”

ಹೊರಗೆ ಬಿಸಿಲು ಕುದಿಯುತ್ತಿತ್ತು. ಊರವರ ಮಾತೇನೆಂದು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ. ಅವನ ತಾಯಿ ವಿಧವೆ ಸೊಸೆಯ ಮೇಲೆ ಬೆರಳು ಮಾಡಿದ್ದಳು. ಬಂಜೆಯ ಕಣ್ಣು, ಕೂಸಿನ ಮೇಲೆ ಬಿದ್ದಿದೆ, ಎಂದು. ಶಿರಹಟ್ಟಿ ಕಡೆಯಿಂದ ಬಂದ ತಾಯತ ಕಟ್ಟುವವನೂ ಅದನ್ನೇ ಹೇಳಿ, ಅಮಾವಾಸ್ಯೆಯೊಳಗೆ ಅವಳನ್ನು ಮನೆಯಿಂದ ಹೊರಗೆ ಹಾಕಿರಿ ಎಂದಿದ್ದ.

“ನಮ್ಮ ವೈನಿ ಅಂಥಾಕಿ ಅಲ್ರಿ ಬಾಯಾರ. ನೀರಾಗ ಏನರ ಐತಿ ಅಂತ ನೀವು ಬರದು ಕೊಟ್ರ ಆಕಿ ಉಳೀತಾಳ. ಇಲ್ಲಂದ್ರ ಆಕೀಗೆ ಹೋಗಾಕ ತವರೂ ಇಲ್ಲ.”

ಕುಣಿದು ಸತ್ತ ಬೆಕ್ಕುಗಳ ಮಾತು ಕೇಳಿದಾಗಲೇ ನನಗೆ ಎಂಡ್ರಿನ್ ನೆನಪಾಗಿತ್ತು. ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆ. ಆ ಕಾಲದಲ್ಲಿ ಅದು ಇಲ್ಲದ ಹೊಲವಿರಲಿಲ್ಲ, ಅದನ್ನು ಕುಡಿದು ಸತ್ತವರಿಲ್ಲದ ಊರೂ ಇರಲಿಲ್ಲ. ಇಂಥ ವಿಷಕ್ಕೆ ನೀರಿಗಿಂತ ಎಣ್ಣೆಯಂಥ ದ್ರವದ ಮೇಲೆ ಪ್ರೀತಿ ಹೆಚ್ಚು. ನೀರಿಗೆ ಹೆಕ್ಸೇನ್ ಎಂಬ ಅಂಥದೊಂದು ದ್ರವ ಹಾಕಿ ಚೆನ್ನಾಗಿ ಕುಲುಕಿದರೆ ವಿಷ ನೀರು ಬಿಟ್ಟು ಅದರೊಳಗೆ ಹೋಗುತ್ತದೆ. ಅದನ್ನು ಆರಿಸಿ, ಉಳಿದ ಒಂದೆರಡು ಹನಿಯನ್ನು ಸಿಲಿಕಾದ ಬಿಳಿ ಹಿಟ್ಟು ಬಳಿದ ಗಾಜಿನ ಪಟ್ಟಿಯ ಬುಡದಲ್ಲಿ ಇಡಬೇಕು. ಪಕ್ಕದಲ್ಲಿ ಅಂಗಡಿಯಿಂದ ತಂದ ನಿಜವಾದ ಎಂಡ್ರಿನ್‌ನ ಹನಿ. ಪಟ್ಟಿಯ ಅಂಚನ್ನು ದ್ರಾವಣದಲ್ಲಿ ನಿಲ್ಲಿಸಿದರೆ ಅದು ಮೇಲೇರುತ್ತ ಒಂದೊಂದು ವಸ್ತುವನ್ನೂ ಅದರದರ ಎತ್ತರಕ್ಕೆ ಒಯ್ಯುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟ್ ಸಿಂಪಡಿಸಿ ಬಿಸಿಲಿಗಿಟ್ಟರೆ ವಿಷ ಇದ್ದಲ್ಲಿ ಕಪ್ಪು ಕಲೆ ಏಳುತ್ತದೆ. ಯಾರೂ ಮುಟ್ಟದೆ, ತಾನಾಗಿ, ಬಿಳಿಯೊಳಗಿಂದ.

ಬಾಟಲಿಯ ನೀರಿನಲ್ಲಿ ಹೆಬ್ಬೆರಳಿನಷ್ಟು ಕರಿ ಚೂರೊಂದಿತ್ತು. ಹಳ್ಳಿಯ ಬಾಟಲಿ, ಏನೋ ಕಸ ಎಂದುಕೊಂಡೆ. ನೀರನ್ನು ಸೋಸಿಕೊಂಡು, ಚೂರನ್ನು ಅದರಲ್ಲೇ ಬಿಟ್ಟು ಬಾಟಲಿಯನ್ನು ಕಿಟಕಿಯ ಮೇಲಿಟ್ಟೆ.

ಮರುದಿನ ಮಧ್ಯಾಹ್ನ ಪಟ್ಟಿಯನ್ನು ಅಂಗಳದ ಕಟ್ಟೆಯ ಮೇಲಿಟ್ಟು ಕೂತೆ. ಎಂಡ್ರಿನ್ ಹನಿ ಏರಿದ್ದಲ್ಲಿ ಕಪ್ಪು ಕಲೆ ಮೂಡಿತು. ಅದರ ಪಕ್ಕದ, ನೀರಿನ ದಾರಿ ಬೆಳ್ಳಗೇ ಉಳಿಯಿತು. ಕಾಲು ಗಂಟೆ, ಅರ್ಧ ಗಂಟೆ, ಇಲ್ಲ. ಸಾಮಾನ್ಯವಾಗಿ ಎಂಥ ನೀರಾದರೂ ಒಂದಿಷ್ಟು ಮಸುಕು ಬಿಡುತ್ತದೆ. ಈ ನೀರು ಬಟ್ಟಿ ಇಳಿಸಿದ್ದಕ್ಕಿಂತ ಸ್ವಚ್ಛವಾಗಿತ್ತು. ಗುಡ್ಡದ ಸೆರಗಿನಲ್ಲಿ ಅಂಥ ನೀರು ಎಲ್ಲಿಂದ ಬಂತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ನನ್ನ ಪಟ್ಟಿ ಎಷ್ಟು ಚಂದ ಬಂದಿದೆ ಎಂದು ಬೀಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹುಡುಗರಿಗೆ ದಿನಾ ಉಪದೇಶ ಮಾಡುವವಳು ನಾನೇ.

ವಾರದ ಮೇಲೆ ಅವನು ಬಂದಾಗ ಸಿಕ್ಕಾ ಹೊಡೆದ ಕಾಗದ ಕೈಗಿಟ್ಟೆ. ನೀರಿನಲ್ಲಿ ವಿಷ ಕಂಡುಬಂದಿಲ್ಲ.

“ಅಂದ್ರ ಏನೂ ಇಲ್ರಿ?”

“ಇಲ್ಲ.”

“ಖರೆ?”

“ಸುಳ್ಳು ಬರದು ಕೊಡಾಕ ಕುಂತೀನೇನು ನಾನು?” ಎಂದು ರೇಗಿದೆ. ಅವನು ಕಾಗದವನ್ನು ಮಡಿಸಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋದ. ಬಾಟಲಿ ಮರೆತು ಹೋದ.

ಎರಡು ತಿಂಗಳಾದ ಮೇಲೆ ಆ ಬಾಟಲಿಗೆಂದೇ ಮತ್ತೆ ಬಂದ. ಮುಖ ಗೆಲುವಾಗಿತ್ತು. ದಪ್ಪ ಗಾಜಿನದು, ನಮ್ಮವ್ವನಿಗೆ ಎಣ್ಣೆ ಹಾಕಿಡಲಿಕ್ಕೆ ಬೇಕಂತೆ, ಎಂದ. ಕೂಸು ಹೇಗಿದೆ ಎಂದು ಕೇಳಿದೆ.

“ಭಾಳ ಆರಾಮ ಐತ್ರಿ! ನಿಮ್ಮ ಕಾಗದ ಬಂದ ದಿನಾನ ವೈನೀನ್ನ ದನದ ಮನಿಗೆ ಹಾಕಿದ್ವಿ. ಕೂಸಿನ್ನ ಮುಟ್ಟಬ್ಯಾಡ, ಅದರ ಕಡೆ ನೋಡಬ್ಯಾಡ ಅಂತ ಹೇಳಿದ್ವಿ. ಅವತ್ತಿನಿಂದ ಒಮ್ಮೆರ ಬಂದಿಲ್ರಿ. ನಾ ಹುಚ್ಚನಂಗ ಆಕೀ ಪರ ಮಾತಾಡಿದ್ದೆ. ನಮ್ಮವ್ವ ಹೇಳಿದ್ದ ಖರೆ ಆತು.”

ಅವನು ಸಂತೋಷದಿಂದ ಹೇಳುತ್ತಿದ್ದ. ಅವಳು ದೂರವಾದಳು, ಕೂಸು ಗುಣವಾಯಿತು. ನನ್ನ ವಿದ್ಯಾರ್ಥಿ ಹೀಗೆ ತರ್ಕ ಮಾಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ನನಗೂ ಆ ಹೆಂಗಸಿನ ಕಣ್ಣು ಹೇಗಿರಬಹುದು ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೆ ಇಂದಿಗೂ ನಾಚಿಕೆ.

ಬಾಟಲಿ ತೆಗೆದುಕೊಟ್ಟೆ. ಒಳಗೆ ಕರಿ ಚೂರು ಗಾಜಿಗೆ ಬಡಿದು ಸದ್ದಾಯಿತು.

“ಇದೇನಿದು ಒಳಗ?”

“ಇದ್ದಲಿ ರಿ. ವೈನೀನ ಹಾಕಿದ್ಳು. ಗುಡ್ಡದ ದಾರಿ, ಕೂಸಿನ ಕುಡಿಯೂ ನೀರು ಒಯ್ಯಾಕ ಹತ್ತಿ, ಗಾಳಿ ಸೋಕಬಾರದು ಅಂದ್ಳು.”

ನಮ್ಮವ್ವ ಲಕ್ಷ್ಮೇಶ್ವರದಿಂದ ಕಳಿಸುತ್ತಿದ್ದ ಹೋಳಿಗೆಯ ಬುತ್ತಿಯಲ್ಲೂ ಒಂದು ಇದ್ದಿಲ ಚೂರು ಇದ್ದೇ ಇರುತ್ತಿತ್ತು. ದಾರಿಯಲ್ಲಿ ಕೆಟ್ಟ ಗಾಳಿ ತಾಕಬಾರದೆಂದು ನಮ್ಮ ಕಡೆ ಎಲ್ಲರೂ ಇಡುತ್ತಾರೆ. ಬೆಟಗೇರಿಯ ಕೋಣೆಯಲ್ಲಿ ಬುತ್ತಿ ಬಿಚ್ಚಿ, ಅದನ್ನು ಕಿಟಕಿಯಿಂದ ಎಸೆದು, ಹೋಳಿಗೆ ತಿಂದವಳು ನಾನು. ಮತ್ತು ಬೆಲ್ಲದ ನೀರಿಗೆ ಇದ್ದಿಲು ಹಾಕಿ, ಬಣ್ಣವನ್ನು ಅದು ಹೇಗೆ ಹೀರುತ್ತದೆ ನೋಡಿರಿ ಎಂದು ಪ್ರತಿ ವರ್ಷ ಹುಡುಗರಿಗೆ ತೋರಿಸುವವಳೂ ನಾನೇ! ಎಂಥ ಕತ್ತೆ ನಾನು. ನೀರನ್ನು ಪರೀಕ್ಷೆ ಮಾಡಿ, ವಿಷ ಹೀರಿಕೊಂಡಿರಬಹುದಾದ ಚೂರನ್ನು ಕಸವೆಂದು ಬಿಟ್ಟಿದ್ದೆ.

“ಕೂಸು ಈಗ ಯಾವ ನೀರು ಕುಡೀತೈತಿ?”

“ಎಲ್ಲಾರೂ ಕುಡಿಯೂದ ರಿ. ಮಣ್ಣಿನ ಹರವಿದು.”

“ಮೊದ್ಲ?”

“ಮೊದ್ಲ ಅದಕ್ಕ ಬ್ಯಾರೆ ರಿ. ಕೂಸಿಗೆ ಭೇದಿ ಆದಾಗ ಮುಂಡರಗಿ ಡಾಕ್ಟರು ಕಾಸಿದ ನೀರು ಮುಚ್ಚಿಟ್ಟು ಕುಡಸ್ರಿ ಅಂದಿದ್ರು. ವೈನಿ ದಿನಾ ಮುಂಜಾನೆ ಕಾಸಿ, ಬಿಗಿ ಮುಚ್ಚಳದ್ದೊಂದು ಡಬ್ಬಿಗೆ ಹಾಕಿಡ್ತಿದ್ಳು. ಉಳದದ್ದು ಬೆಕ್ಕಿಗೆ ಹಾಕೂದು. ಆಕಿ ದನದ ಮನಿಗೆ ಹೋದ ಮ್ಯಾಲ ಅದೆಲ್ಲ ಬಿಟ್ಟೈತ್ರಿ.”

“ಕುಂಡ್ರು” ಎಂದೆ. “ಇಲ್ಲೇ ಕುಂಡ್ರು. ಎದ್ದು ಹೋದಿ ಅಂದ್ರ ನೋಡು.”

ಇದ್ದಿಲ ಚೂರನ್ನು ಚಿಮಟಿಗೆಯಲ್ಲಿ ತೆಗೆದು, ಅರೆದು, ಬಿಸಿ ಬೆಂಜೀನಿನಲ್ಲಿ ಕುದಿಸಿದೆ. ಅವಸರದಲ್ಲಿ ಒಂದು ಫ್ಲಾಸ್ಕ್ ಒಡೆಯಿತು. ನನ್ನನ್ನು ಬೈಯುವವರು ಯಾರೂ ಇರಲಿಲ್ಲ. ಪಟ್ಟಿ ಅಂಗಳಕ್ಕೆ ತರುವಾಗ ಸೂರ್ಯ ನೆತ್ತಿಯ ಮೇಲಿದ್ದ. ಇಬ್ಬರೂ ಅದರ ಎದುರು ಕುಕ್ಕರಗಾಲಲ್ಲಿ ಕೂತೆವು. ಬಿಳಿ ಹಿಟ್ಟಿನೊಳಗಿಂದ ಎರಡು ಕಲೆಗಳು, ಅಂಗಡಿಯ ಎಂಡ್ರಿನ್‌ದೊಂದು, ಇದ್ದಿಲಿನದೊಂದು, ಒಟ್ಟಿಗೇ ಏಳತೊಡಗಿದವು, ಒಂದೇ ಎತ್ತರದಲ್ಲಿ, ಅಕ್ಕಪಕ್ಕ. ಮೊದಲು ಕಂದು, ಆಮೇಲೆ ಕಪ್ಪು. ಯಾರೋ ಒಳಗಿನಿಂದ ಎರಡು ಕಣ್ಣು ತೆರೆದು ನಮ್ಮನ್ನು ನೋಡಿದಂತಾಯಿತು.

“ಏನ್ರಿ ಅದು?”

“ಎಂಡ್ರಿನ್.”

ಯಾರೂ ಕೇಳದಿದ್ದರೂ ಅವನು ಮೆಲ್ಲಗೆ ಹೇಳಿದ. “ಆ ಡಬ್ಬಿ ನಾನ ತಂದಿದ್ದೆ ರಿ. ಹೊಲದಾಗ ಖಾಲಿ ಬಿದ್ದಿತ್ತು. ಮುಚ್ಚಳ ಬಿಗಿ ಐತಿ, ಕೂಸಿನ ನೀರಿಗೆ ಚಲೋ ಆಗ್ತೈತಿ ಅಂತ. ಬೂದಿ, ಹುಣಸಿಹಣ್ಣು ಹಚ್ಚಿ ಏಳು ಸಲ ತಿಕ್ಕಿದ್ದೆ ಬಾಯಾರ. ಏಳು ಸಲ.”

ಡಬ್ಬಿಯ ಬೆಸುಗೆಯೊಳಗೆ, ಮುಚ್ಚಳದ ಬಿರಡೆಯೊಳಗೆ ಇಂಗಿದ್ದು ತಿಕ್ಕಿದರೆ ಹೋಗುವುದಿಲ್ಲ. ಮುಂಜಾನೆ ಬಿಸಿ ನೀರು ತುಂಬಿದರೆ ಮಧ್ಯಾಹ್ನದ ಹೊತ್ತಿಗೆ ಅದು ನೀರಿಗೆ ಇಳಿದಿರುತ್ತದೆ. ಇಷ್ಟನ್ನು ವಿವರಿಸಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಹೊಸ ಕಾಗದ ಬರೆದು ಸಿಕ್ಕಾ ಹೊಡೆದೆ. ಈ ಸಲ ನಾನೇ ಬರುತ್ತೇನೆ ಎಂದು ಅವನ ಜೊತೆ ಮುಂಡರಗಿ ಬಸ್ಸು ಹತ್ತಿದೆ.

ಇಳಿದು ಒಂದು ತಾಸು ನಡೆದೆವು. ದಾರಿಯ ಎರಡೂ ಬದಿ ಹತ್ತಿ ಅರಳಿತ್ತು, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕೂಸು ಅಂಗಳದಲ್ಲಿ ಹುಣಸೆಬೀಜ ಆಡುತ್ತಿತ್ತು, ಕೆನ್ನೆ ತುಂಬಿಕೊಂಡಿದ್ದವು. ಜಗಲಿಯ ಮೇಲಿದ್ದ ಮುದುಕಿಗೆ ವಿಷಯ ಹೇಳಿದೆ. ಅವಳು ಎಲೆ ಅಗಿಯುವುದನ್ನು ನಿಲ್ಲಿಸದೆ ಕೇಳಿದಳು.

“ಹಂಗಾರ ವಿಷ ಇತ್ತು ಅನ್ರಿ. ನೀರು ತುಂಬಾಕಿ ಯಾರು? ಆಕೀನ. ಹಾಕಿದಾಕೀನೂ ಆಕೀನ.”

ಅಯ್ಯೋ ಶಿವನೆ! ವಿಷ ಇಲ್ಲ ಎಂದರೆ ಮಾಟಗಾರ್ತಿ, ಇದೆ ಎಂದರೆ ಕೊಲೆಗಾರ್ತಿ. ಯಾವ ಕಾಗದ ತಂದರೆ ಆ ಹೆಂಗಸು ಬದುಕಬೇಕಿತ್ತು?

“ಆಕಿ ಅಲ್ಲ ಯವ್ವ” ಎಂದ ಮಗ. ಅಂಗಳದ ನಡುವೆ ನಿಂತಿದ್ದ, ಟೊಪ್ಪಿಗೆ ಕೈಯಲ್ಲಿತ್ತು. “ಡಬ್ಬಿ ತಂದಾಂವ ನಾನು. ಎಂಡ್ರಿನ್ ಡಬ್ಬಿ. ಕೂಸಿಗೆ ವಿಷ ಕುಡಿಸಿದ್ದು ನಾನ.” ಅಷ್ಟು ಹೇಳಿ ದನದ ಮನೆಯ ಕಡೆ ಹೋಗಿ ಬಾಗಿಲಲ್ಲಿ ಕೂಗಿದ. “ವೈನಿ, ಒಳಗ ಬಾ. ತಪ್ಪಾತು. ನಡಿ ಮನಿಗೆ.”

ನಾನು ಬಗ್ಗಿ ಒಳಗೆ ಹೋದೆ. ಎತ್ತುಗಳ ಆಚೆ, ಗೋಡೆಗೆ ಮುಖ ಮಾಡಿ ಅವಳು ಕೂತಿದ್ದಳು. ನಾನೆಣಿಸಿದ್ದಕ್ಕಿಂತ ಚಿಕ್ಕವಳು, ನನ್ನದೇ ವಯಸ್ಸು. ಗದಗಿನಿಂದ ಬಂದವಳು, ನೀರು ನೋಡಿದವಳು ನಾನು ಎಂದೆ. ಡಬ್ಬಿಯ ಕತೆ, ಇದ್ದಿಲಿನ ಕತೆ, ಎಲ್ಲ ಒಂದೊಂದಾಗಿ ಹೇಳಿದೆ. ಕಾಗದವನ್ನು ಅವಳ ಪಕ್ಕ ನೆಲದ ಮೇಲಿಟ್ಟೆ. ಅವಳು ತಿರುಗದೆ ಕೇಳಿದಳು.

“ಮೊದ್ಲನೇ ಕಾಗದ ಬರದವರೂ ನೀವ ಅಲ್ರಿ?”

“ಹೌದು. ಅದು ನನ್ನ ತಪ್ಪು, ತಂಗಿ.”

“ಅದು ಬರೂತನಾ ಯಾರು ಏನಂದ್ರೂ ನನಗ ನನ್ನ ಮ್ಯಾಲ ಭರೋಸಾ ಇತ್ತ್ರಿ. ನೀರಾಗ ಏನೋ ಐತಿ ಅಂತಿದ್ದೆ. ಕಾಗದ ಬಂತು, ಏನೂ ಇಲ್ಲ ಅಂತು. ನಾ ದೂರ ಆದೆ, ಕೂಸು ನೆಟ್ಟಗಾತು. ಅದನ್ನ ನಾ ಕಣ್ಣಾರ ನೋಡೇನಿ. ಈಗ ನೀವು ಮತ್ತೊಂದು ಕಾಗದ ತಂದೀರಿ.”

“ಇದು ಖರೆ ಐತಿ. ಆಣಿ ಮಾಡಿ ಹೇಳ್ತೀನಿ.”

“ಇರಬಹುದ್ರಿ. ಇರಲಿಕ್ಕಿಲ್ಲಂದ್ರ?”

ಕಾಗದವನ್ನು ಅವಳ ಹತ್ತಿರಕ್ಕೆ ಸರಿಸಿದೆ. ಅಷ್ಟರಲ್ಲಿ ಕೂಸು ನಮ್ಮ ಹಿಂದೆಯೇ ಓಡಿ ಬಂತು. ಎರಡು ತಿಂಗಳಿಂದ ಯಾರೂ ಒಳಗೆ ಬಿಟ್ಟಿರಲಿಲ್ಲ ಅದನ್ನು. “ದೊಡ್ಡವ್ವಾ” ಎಂದು ಅವಳ ಬೆನ್ನ ಮೇಲೆ ಬಿತ್ತು.

ಅವಳು ಎರಡೂ ಕೈಯಿಂದ ಸೆರಗೆಳೆದು ಮುಖದ ಮೇಲೆ ಬಿಗಿಯಾಗಿ ಸುತ್ತಿಕೊಂಡಳು, ಕಣ್ಣು ಒಂದಿಷ್ಟೂ ಕಾಣದಂತೆ.

“ಒಯ್ರಿ ಬಾಯಾರ, ನಿಮ್ಮ ಕಾಲಿಗೆ ಬೀಳ್ತೀನಿ, ಜಲ್ದಿ ಒಯ್ರಿ. ನಾ ಇನ್ನೂ ನೋಡಿಲ್ಲ ಅದನ್ನ. ನೋಡಿಲ್ಲ ನಾನು.”

ಕೂಸು ಅವಳ ಕೊರಳು ಬಿಡಲೊಲ್ಲದು. ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಾನೇ ಎತ್ತಿಕೊಂಡು ಹೊರಗೆ ಬಂದೆ.